ಕನ್ನಂಬಾಡಿ ಕಟ್ಟೆಯ ಪಾಠ: ಕೆಲಸದ ಒತ್ತಡ, ಆತ್ಮವಿಶ್ವಾಸ ಮತ್ತು ದಕ್ಷತೆ



ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ, ಶ್ರೀರಂಗಪಟ್ಟಣ ಇನ್ನೇನು ಬಂತು ಎನ್ನುವಾಗ ಬಾಬುರಾಯನಕೊಪ್ಪಲು ಎಂಬ ಊರು ಸಿಗುತ್ತದೆ. ರಸ್ತೆಯ ಎರಡೂ ಬದಿಗೆ ಭತ್ತ ಮತ್ತು ಕಬ್ಬಿನ ಗದ್ದೆಗಳು. ಬೆಳಗಿನ ಬಸ್ಸುಗಳಲ್ಲಿ ಮೈಸೂರಿನ ಕಾಲೇಜಿಗೆ ಹೊರಟ ಮಕ್ಕಳ ಜೊತೆಗೆ ಕಾರ್ಖಾನೆಗೆ, ಕಚೇರಿಗೆ, ಗಾರ್ಮೆಂಟ್ಸಿಗೆ ಹೊರಟವರೂ ಇರುತ್ತಾರೆ. ಇಲ್ಲಿಂದ ಪಶ್ಚಿಮಕ್ಕೆ ಸ್ವಲ್ಪ ದೂರ ಹೋದರೆ ಕೃಷ್ಣರಾಜಸಾಗರ. ನಮ್ಮ ಹಿರಿಯರು ಇಂದಿಗೂ ಅದನ್ನು ಕನ್ನಂಬಾಡಿ ಕಟ್ಟೆ ಎಂದೇ ಕರೆಯುತ್ತಾರೆ.

ಆ ಕಟ್ಟೆಯ ಉದ್ದ, ಎತ್ತರ, ಅದನ್ನು ಕಟ್ಟಿಸಿದವರ ಹೆಸರು ಇವೆಲ್ಲವನ್ನೂ ನೀವು ಪಾಠದಲ್ಲಿ ಓದಿದ್ದೀರಿ. ಇಲ್ಲಿ ಅದೇ ಕಟ್ಟೆಯನ್ನು ಇನ್ನೊಂದು ಕಡೆಯಿಂದ ನೋಡೋಣ. ಇಪ್ಪತ್ತು ವರ್ಷ ನಡೆದ ಆ ಕೆಲಸದಲ್ಲಿ ಮುಖ್ಯ ಎಂಜಿನಿಯರಿನಿಂದ ಹಿಡಿದು ಮಂಕರಿ ಹೊತ್ತ ಹೆಣ್ಣುಮಗಳವರೆಗೆ ಎಲ್ಲರ ಮೇಲೂ ಒತ್ತಡವಿತ್ತು. ಆ ಒತ್ತಡ ಕೆಲವರ ಕೈಯಲ್ಲಿ ದೊಡ್ಡ ಕೆಲಸ ಮಾಡಿಸಿತು, ಕೆಲವರನ್ನು ಹಣ್ಣುಮಾಡಿತು. ಹೀಗೇಕೆ ಆಗುತ್ತದೆ? ಕೆಲಸ ಮಾಡುವವನ ಆತ್ಮವಿಶ್ವಾಸಕ್ಕೂ ಅವನ ದಕ್ಷತೆಗೂ ಏನು ಸಂಬಂಧ? ನಾಳೆ ನೀವೂ ಒಂದು ಕೆಲಸಕ್ಕೆ ಸೇರುವವರಾದ್ದರಿಂದ ಈ ಪ್ರಶ್ನೆ ನಿಮ್ಮದೂ ಹೌದು.

ಬರ, ಹೊಳೆ ಮತ್ತು ಚಿನ್ನದ ಗಣಿ

ಮೈಸೂರು ಸಂಸ್ಥಾನಕ್ಕೆ 1876–78ರ ಮಹಾ ಬರದ ನೆನಪು ಬಹುಕಾಲ ಉಳಿದಿತ್ತು. ಕಾವೇರಿ ಸಂಸ್ಥಾನದ ಒಳಗೇ ಹರಿದರೂ ಮಂಡ್ಯದ ಕಡೆಯ ಬಹುಪಾಲು ಭೂಮಿ ಮಳೆಯನ್ನೇ ನಂಬಿ ರಾಗಿ, ಹುರುಳಿ ಬೆಳೆಯುತ್ತಿತ್ತು. ಇದರ ಜೊತೆಗೆ ಇನ್ನೊಂದು ಅಗತ್ಯವೂ ಬಂದು ಸೇರಿತು. 1902ರಲ್ಲಿ ಶಿವನಸಮುದ್ರದ ವಿದ್ಯುದಾಗಾರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯತೊಡಗಿತು. ಆದರೆ ಬೇಸಗೆಯಲ್ಲಿ ಹೊಳೆಯ ನೀರು ಇಳಿದಾಗ ವಿದ್ಯುತ್ತೂ ಇಳಿಯುತ್ತಿತ್ತು. ಗಣಿಗಳು ಕೇಳಿದಷ್ಟು ವಿದ್ಯುತ್ತನ್ನು ವರ್ಷವಿಡೀ ಕೊಡಬೇಕಾದರೆ ಮೇಲ್ಭಾಗದಲ್ಲಿ ನೀರನ್ನು ಹಿಡಿದಿಡಬೇಕಾಗಿತ್ತು.

1909ರ ನವೆಂಬರಿನಲ್ಲಿ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮೈಸೂರಿನ ಮುಖ್ಯ ಎಂಜಿನಿಯರಾಗಿ ಬಂದರು. ಕನ್ನಂಬಾಡಿಯ ಬಳಿ ದೊಡ್ಡ ಜಲಾಶಯ ಕಟ್ಟುವ ಯೋಜನೆಯನ್ನು ಅವರು ಮುಂದಿಟ್ಟಾಗ ಸಂಸ್ಥಾನದ ಹಣಕಾಸು ಇಲಾಖೆ ಒಪ್ಪಲಿಲ್ಲ. ಇಷ್ಟು ದೊಡ್ಡ ವೆಚ್ಚದ ಫಲ ಕೈಸೇರುವುದೆಂದು? ಅಷ್ಟು ವಿದ್ಯುತ್ತನ್ನು ಕೊಳ್ಳುವವರು ಯಾರು? ಕೇಳಿದ ಪ್ರಶ್ನೆಗಳು ಅನ್ಯಾಯದವೇನೂ ಆಗಿರಲಿಲ್ಲ. ವಿಶ್ವೇಶ್ವರಯ್ಯನವರು ದಿವಾನ್ ಟಿ. ಆನಂದರಾಯರನ್ನೂ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರನ್ನೂ ಮತ್ತೆ ಪರಿಶೀಲಿಸುವಂತೆ ಕೇಳಿಕೊಂಡರು. 1911ರ ಅಕ್ಟೋಬರಿನಲ್ಲಿ 81 ಲಕ್ಷ ರೂಪಾಯಿಯ ಮೊದಲ ಮಂಜೂರಾತಿ ದೊರೆಯಿತು. ನವೆಂಬರಿನಲ್ಲಿ ಕೆಲಸ ಆರಂಭವಾಯಿತು.

ಅಷ್ಟಕ್ಕೆ ತೊಡಕು ಮುಗಿಯಲಿಲ್ಲ. ಕೆಳಗಿನ ಮದರಾಸು ಪ್ರಾಂತ್ಯ ತನ್ನ ನೀರಿನ ಪಾಲು ಕಡಿಮೆಯಾಗುವುದೆಂದು ವಿರೋಧಿಸಿತು. ಮೊದಲಿಗೆ ಭಾರತ ಸರ್ಕಾರ ಅನುಮತಿ ಕೊಟ್ಟದ್ದು ಸುಮಾರು 11 ಟಿ.ಎಂ.ಸಿ. ನೀರು ಹಿಡಿಯುವ ಚಿಕ್ಕ ಕಟ್ಟೆಗೆ ಮಾತ್ರ. ಮೈಸೂರಿನವರು ತಳಪಾಯವನ್ನು ತೋಡಿದ್ದು ಮುಂದೆ ಏರಿಸಲಿದ್ದ ಪೂರ್ಣ ಎತ್ತರದ ಕಟ್ಟೆಗೆ! ಇದರಿಂದ ವಿವಾದ ಬಿಸಿಯಾಯಿತು. ಎಚ್.ಡಿ. ಗ್ರಿಫಿನ್ ಅವರ ಮಧ್ಯಸ್ಥಿಕೆ, 1914ರ ಅವರ ತೀರ್ಪು, ಅದರ ಮೇಲಿನ ಮದರಾಸಿನ ಮೇಲ್ಮನವಿ, ಕೊನೆಗೆ 1924ರ ಒಪ್ಪಂದ, ಹೀಗೆ ಹದಿಮೂರು ವರ್ಷ ಜಗ್ಗಾಟ ನಡೆಯಿತು. ಕಾಗದದ ಮೇಲೆ ಜಗಳ ನಡೆಯುತ್ತಿರುವಾಗಲೇ ಹೊಳೆಯ ಪಾತ್ರದಲ್ಲಿ ಗೋಡೆ ಏಳುತ್ತಿತ್ತು.

ಧೈರ್ಯದ ಹಿಂದಿನ ಲೆಕ್ಕ

ಈ ಎಲ್ಲ ಒತ್ತಡದ ನಡುವೆ ಆ ಎಂಜಿನಿಯರು ಎದೆಗುಂದದೆ ನಿಂತದ್ದು ಹೇಗೆ? ಹುಟ್ಟುಗುಣ ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಅವರ ಹಿಂದಿನ ಇಪ್ಪತ್ತೈದು ವರ್ಷಗಳನ್ನು ನೋಡಿದರೆ ಬೇರೆಯೇ ಉತ್ತರ ಸಿಗುತ್ತದೆ. 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯನ್ನು ಸೇರಿದ ಅವರು ಸಿಂಧ್ ಪ್ರದೇಶದ ಸುಕ್ಕೂರಿಗೆ ಕುಡಿಯುವ ನೀರಿನ ವ್ಯವಸ್ಥೆ ಮಾಡಿದ್ದರು. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ತಾವೇ ರೂಪಿಸಿದ, ನೀರು ಏರಿದಾಗ ತಾನಾಗಿ ತೆರೆದುಕೊಳ್ಳುವ ಬಾಗಿಲುಗಳನ್ನು 1903ರಲ್ಲಿ ಅಳವಡಿಸಿದ್ದರು. 1908ರಲ್ಲಿ ಮೂಸಿ ನದಿಯ ಪ್ರವಾಹ ಹೈದರಾಬಾದನ್ನು ಹಾಳುಗೆಡವಿದ ಮೇಲೆ ಆ ನಗರವನ್ನು ಕಾಪಾಡುವ ಯೋಜನೆಯನ್ನೂ ತಯಾರಿಸಿದ್ದರು.

ಅಂದರೆ ಕನ್ನಂಬಾಡಿಗೆ ಬರುವ ಮೊದಲೇ ಅವರು ನೀರಿನೊಡನೆ ಹಲವು ಪರೀಕ್ಷೆಗಳನ್ನು ಎದುರಿಸಿದ್ದರು. ಅವರ ಆತ್ಮವಿಶ್ವಾಸ ಒಂದೊಂದೇ ಕೆಲಸದಿಂದ ಕೂಡಿಬಂದ ಗಂಟು. ಹಣಕಾಸಿನವರು ಆಕ್ಷೇಪಿಸಿದಾಗ ಅವರ ಬಳಿ ಲೆಕ್ಕವಿತ್ತು. ಆ ಲೆಕ್ಕವನ್ನು ಕೂತು ಕೇಳುವ ಮಹಾರಾಜರೂ ಇದ್ದರು. ಈ ಎರಡನೆಯ ಮಾತನ್ನು ಮರೆಯಬಾರದು. ಎಷ್ಟೇ ಸಮರ್ಥನಾದರೂ ಮೇಲಿನವರು ಕೈಬಿಟ್ಟರೆ ಅವನ ಸಾಮರ್ಥ್ಯ ಕಡತದಲ್ಲೇ ಕೊಳೆಯುತ್ತದೆ.

ಹತ್ತು ಸಾವಿರ ಜನರ ಕೈಗಳು

ಕಟ್ಟೆಯ ಕೆಲಸಕ್ಕೆ ಸೇರಿದವರು ಸುಮಾರು 10,000 ಮಂದಿ. ಕಲ್ಲು ಒಡೆಯುವವರು, ಕಲ್ಲು ಕೆತ್ತುವವರು, ಗಾರೆ ಕೆಲಸದವರು, ಮಣ್ಣು ಹೊರುವವರು, ಎತ್ತಿನ ಗಾಡಿಯವರು, ಮೇಸ್ತ್ರಿಗಳು. ಇಡೀ ಗೋಡೆ ಎದ್ದದ್ದು ಕಲ್ಲು ಮತ್ತು ಸುರ್ಕಿ ಗಾರೆಯಿಂದ. ಸುಟ್ಟ ಇಟ್ಟಿಗೆಯ ಪುಡಿಯನ್ನು ಸುಣ್ಣದೊಡನೆ ಅರೆದು ಮಾಡುವ ಗಾರೆಗೆ ಸುರ್ಕಿ ಎಂದು ಹೆಸರು. ಆಗ ನಮ್ಮ ದೇಶದಲ್ಲಿ ಸಿಮೆಂಟು ಬೇಕಾದಷ್ಟು ತಯಾರಾಗುತ್ತಿರಲಿಲ್ಲ. ಹೊರಗಿನಿಂದ ತರಿಸಿದರೆ ಖರ್ಚು ಮಿತಿಮೀರುತ್ತಿತ್ತು. ಆದ್ದರಿಂದ ನಮ್ಮ ಗಾರೆಯವರ ಕೈಗೆ ಚೆನ್ನಾಗಿ ಗೊತ್ತಿದ್ದ ಸಾಮಗ್ರಿಯೇ ಈ ಮಹಾಕಾರ್ಯಕ್ಕೆ ಒದಗಿತು. ಹೊಸ ಯೋಜನೆಯಲ್ಲಿ ಹಳೆಯ ಕಸುಬಿಗೆ ಸ್ಥಾನ ಸಿಕ್ಕಾಗ ಕೆಲಸಗಾರ ಪರಕೀಯನಾಗುವುದಿಲ್ಲ. ಅವನಿಗೆ ಮೊದಲ ದಿನದಿಂದಲೇ ಕೆಲಸದ ಮೇಲೆ ಹಿಡಿತವಿರುತ್ತದೆ.

ಆದರೆ ಹೊಳೆ ಯಾರಿಗೂ ಕಾಯುವುದಿಲ್ಲ. ಪಾತ್ರದೊಳಗಿನ ಕೆಲಸವೆಲ್ಲ ಮುಂಗಾರಿನ ಪ್ರವಾಹ ಬರುವುದರೊಳಗೆ ಮುಗಿಯಬೇಕು. ಇತ್ತ ಗಣಿಗಳಿಗೆ ವಿದ್ಯುತ್ ಒದಗಿಸುವ ಹೊಣೆಯೂ ಬೆನ್ನ ಮೇಲಿತ್ತು. ಅದರ ಮೇಲೆ ಮಲೇರಿಯಾ. ಕನ್ನಂಬಾಡಿಯ ಸೀಮೆಯಲ್ಲಿ ಚಳಿಜ್ವರದ ಕಾಟ ಹೆಚ್ಚು. ಮುಖ್ಯ ಎಂಜಿನಿಯರಿಗೆ ಜ್ವರ ಬಂದರೆ ವೈದ್ಯರೂ ಇದ್ದಾರೆ, ಸಂಬಳವೂ ಇದೆ. ದಿನಗೂಲಿಯವನಿಗೆ ಜ್ವರ ಬಂದರೆ ಆ ದಿನ ಒಲೆ ಹೊತ್ತುವುದಿಲ್ಲ. ಕೆಲಸದಲ್ಲಿ ಗಾಯಗೊಂಡವರಿಗೆ ಪರಿಹಾರ ಕೊಡಿಸುವ ಕಾಯಿದೆ ಬ್ರಿಟಿಷ್ ಇಂಡಿಯಾದಲ್ಲಿ ಬಂದದ್ದೇ 1923ರಲ್ಲಿ. ಕಾಯಿಲೆ ಬಿದ್ದ ಕಾರ್ಮಿಕನಿಗೆ ವಿಮೆಯಿಂದ ಹಣ ಸಿಗುವ ರಾಜ್ಯ ವಿಮಾ ಕಾಯಿದೆ ಬರಲು 1948ರವರೆಗೆ ಕಾಯಬೇಕಾಯಿತು.

ಇನ್ನೊಂದು ಗುಂಪನ್ನೂ ನೆನೆಯಬೇಕು. ನೀರು ನಿಂತಾಗ ಹಳೆಯ ಕನ್ನಂಬಾಡಿಯೂ ಸುತ್ತಲ ಹಲವು ಊರುಗಳೂ ಮುಳುಗಿದವು. ಸಾವಿರಾರು ಜನ ಮನೆ ಬಿಟ್ಟು ಏಳಬೇಕಾಯಿತು. ಹೊಲದ ಮಣ್ಣಿನ ಗುಣ, ಮಳೆಯ ಹದ, ಬಿತ್ತನೆಯ ವೇಳೆ ಎಲ್ಲವನ್ನೂ ಬಲ್ಲ ರೈತನೊಬ್ಬ ಗೊತ್ತಿಲ್ಲದ ನೆಲಕ್ಕೆ ಹೋದಾಗ ಭೂಮಿಯ ಜೊತೆಗೆ ಅವನ ತಿಳಿವಳಿಕೆಯ ಬೆಲೆಯೂ ಕುಗ್ಗುತ್ತದೆ. ಆತ್ಮವಿಶ್ವಾಸಕ್ಕೆ ಬೀಳುವ ಪೆಟ್ಟುಗಳಲ್ಲಿ ಇದು ಬಹಳ ಆಳವಾದದ್ದು.

ಕಟ್ಟೆ ಮುಗಿಯುವ ಹೊತ್ತಿಗೆ 1931–32 ಆಗಿತ್ತು. ಸುಮಾರು 8,600 ಅಡಿ ಉದ್ದ. ನೀರಿನ ಪೂರ್ಣ ಮಟ್ಟ 124.80 ಅಡಿ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, ಇಂದು ವಿಶ್ವೇಶ್ವರಯ್ಯ ನಾಲೆ ಎನಿಸಿಕೊಂಡಿರುವ ಇರ್ವಿನ್ ನಾಲೆ ಹುಲಿಕೆರೆಯ ಸುರಂಗವನ್ನು ಕೊರೆದು ಮಂಡ್ಯದ ಬಯಲಿಗೆ ಇಳಿಯಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾಯಿತು.

ಅದೇ ವರ್ಷಗಳಲ್ಲಿ ಹೊರಜಗತ್ತು

ಕನ್ನಂಬಾಡಿಯಲ್ಲಿ ಕೆಲಸ ನಡೆಯುತ್ತಿದ್ದ ಅದೇ ಎರಡು ದಶಕಗಳಲ್ಲಿ, ಕೆಲಸ ಮತ್ತು ಮನಸ್ಸಿನ ಸಂಬಂಧವನ್ನು ಶಾಸ್ತ್ರೀಯವಾಗಿ ಅರಿಯುವ ಪ್ರಯತ್ನ ಅಮೆರಿಕದಲ್ಲಿ ನಡೆಯುತ್ತಿತ್ತು.

1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ಮಾಡಿದರು. ಕಪ್ಪು ದಾರಿ, ಬಿಳಿ ದಾರಿಗಳ ವ್ಯತ್ಯಾಸವನ್ನು ಇಲಿಗಳು ಕಲಿಯಬೇಕು. ತಪ್ಪಿದರೆ ವಿದ್ಯುತ್ತಿನ ಸಣ್ಣ ಆಘಾತ. ಸುಲಭದ ಪಾಠದಲ್ಲಿ ಆಘಾತ ಬಲವಾದಷ್ಟೂ ಇಲಿಗಳು ಬೇಗ ಕಲಿತವು. ಕಷ್ಟದ ಪಾಠದಲ್ಲಿ ಮಾತ್ರ ಹಾಗಾಗಲಿಲ್ಲ. ಮಧ್ಯಮ ಮಟ್ಟದ ಆಘಾತವೇ ಹೆಚ್ಚು ಫಲ ಕೊಟ್ಟಿತು. ಮನುಷ್ಯರು ಇಲಿಗಳಲ್ಲ, ಆದ್ದರಿಂದ ಇದನ್ನೇ ನಿಯಮವೆಂದು ಹಿಡಿಯಲಾಗದು. ಆದರೂ ಪರೀಕ್ಷೆಯ ಹಿಂದಿನ ರಾತ್ರಿಯನ್ನು ಕಂಡ ನಿಮಗೆ ಇದರ ಅರ್ಥ ಹೊಳೆಯುತ್ತದೆ. ಸ್ವಲ್ಪ ಭಯ ಓದಿಸುತ್ತದೆ. ಭಯ ಅತಿಯಾದರೆ ಓದಿದ್ದೂ ಮರೆಯುತ್ತದೆ.

1911ರಲ್ಲಿ, ಕನ್ನಂಬಾಡಿಯ ಕೆಲಸ ಆರಂಭವಾದ ವರ್ಷವೇ, ಫ್ರೆಡರಿಕ್ ಟೇಲರ್ ಎಂಬ ಎಂಜಿನಿಯರಿನ ವೈಜ್ಞಾನಿಕ ನಿರ್ವಹಣೆಯ ಪುಸ್ತಕ ಪ್ರಕಟವಾಯಿತು. ಪ್ರತಿಯೊಂದು ಕೆಲಸವನ್ನೂ ಚಿಕ್ಕ ಚಿಕ್ಕ ಚಲನೆಗಳಾಗಿ ಒಡೆದು, ಗಡಿಯಾರ ಹಿಡಿದು ಅಳೆದು, ಅತ್ಯುತ್ತಮ ವಿಧಾನವನ್ನು ಮೇಲಿನವರೇ ಗೊತ್ತುಮಾಡಬೇಕು ಎಂಬುದು ಅವನ ವಾದ. ಇದರಿಂದ ಉತ್ಪಾದನೆ ಏರಿದ ಕಡೆಗಳುಂಟು. ಆದರೆ ಯೋಚಿಸುವವರು ಬೇರೆ, ಮಾಡುವವರು ಬೇರೆ ಎಂಬ ಗೋಡೆಯೂ ಎದ್ದಿತು.

1924ರಿಂದ 1932ರವರೆಗೆ ಷಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ ನಡೆದ ಪ್ರಯೋಗಗಳು ಇನ್ನೂ ಪ್ರಸಿದ್ಧ. ಮೊದಲು ದೀಪದ ಬೆಳಕನ್ನು ಹೆಚ್ಚು ಕಡಿಮೆ ಮಾಡಿ ನೋಡಿದರು. ಬಳಿಕ 1927ರಲ್ಲಿ ಆರು ಮಂದಿ ಹೆಣ್ಣುಮಕ್ಕಳ ಚಿಕ್ಕ ತಂಡವನ್ನು ಪ್ರತ್ಯೇಕ ಕೋಣೆಯಲ್ಲಿ ಕೂರಿಸಿ, ವಿರಾಮ, ಕೆಲಸದ ಅವಧಿ, ಕೂಲಿಯ ರೀತಿಗಳನ್ನು ಬದಲಿಸುತ್ತಾ ಹೋದರು. ಉತ್ಪಾದನೆ ಏರಿತು. ತಮ್ಮನ್ನು ಗಮನಿಸುತ್ತಾರೆ, ತಮ್ಮ ಮಾತು ಕೇಳುತ್ತಾರೆ ಎಂಬ ಭಾವನೆಯೇ ಇದಕ್ಕೆ ಕಾರಣ ಎಂದು ಎಲ್ಟನ್ ಮೇಯೊ ಮತ್ತು ಅವನ ಸಂಗಡಿಗರು ವಿವರಿಸಿದರು. ಈ ವಿವರಣೆಯನ್ನು ಅನಂತರದ ವಿದ್ವಾಂಸರು ಪೂರ್ತಿಯಾಗಿ ಒಪ್ಪಿಲ್ಲ. ಹೆಚ್ಚು ಮಾತನಾಡುತ್ತಾರೆ, ಸಹಕರಿಸುವುದಿಲ್ಲ ಎಂದು ಆ ತಂಡದ ಇಬ್ಬರನ್ನು 1928ರಲ್ಲಿ ಬದಲಾಯಿಸಲಾಗಿತ್ತು. ಕೂಲಿಯ ಲೆಕ್ಕವೂ ತಂಡಕ್ಕೆ ಅನುಕೂಲವಾಗಿ ಬದಲಾಗಿತ್ತು. ಆದರೂ ಕೆಲಸಗಾರನಿಗೆ ಮನಸ್ಸೂ ಇದೆ ಎಂಬ ಮಾತು ಕಾರ್ಖಾನೆಗಳ ಒಳಗೆ ಪ್ರವೇಶಿಸಿದ್ದು ಈ ಪ್ರಯೋಗಗಳಿಂದ.

ಈ ವಿಚಾರದಲ್ಲಿ ಮೈಸೂರೂ ಹಿಂದೆ ಬಿದ್ದಿರಲಿಲ್ಲ. 1924ರಲ್ಲಿಯೇ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ಮನಃಶಾಸ್ತ್ರ ವಿಭಾಗವನ್ನು ಆರಂಭಿಸಿದರು. 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಆರಂಭಿಸಿ ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬರಲು ಕಾರಣರಾದವರೂ ಇವರೇ.

ಆತ್ಮವಿಶ್ವಾಸ ಎಲ್ಲಿಂದ ಬರುತ್ತದೆ?

1977ರಲ್ಲಿ ಆಲ್ಬರ್ಟ್ ಬಂಡೂರ ಎಂಬ ಮನಃಶಾಸ್ತ್ರಜ್ಞ ಆತ್ಮವಿಶ್ವಾಸದ ಬಗ್ಗೆ ಒಂದು ಸಿದ್ಧಾಂತವನ್ನು ಮಂಡಿಸಿದ. ಅವನು ಹೇಳಿದ್ದು ‘ನಾನು ದೊಡ್ಡವನು’ ಎಂಬ ಅಹಂಭಾವದ ವಿಷಯವಲ್ಲ. ‘ಈ ಕೆಲಸವನ್ನು ನಾನು ಮಾಡಬಲ್ಲೆ’ ಎಂಬ ನಿರ್ದಿಷ್ಟ ನಂಬಿಕೆಯ ವಿಷಯ. ಈ ನಂಬಿಕೆಗೆ ಅವನು ನಾಲ್ಕು ಮೂಲಗಳನ್ನು ಗುರುತಿಸಿದ. ತಾನೇ ಮಾಡಿ ಗೆದ್ದ ಅನುಭವ ಮೊದಲನೆಯದು. ಉಳಿದವುಗಳಿಗಿಂತ ಇದು ಬಲವಾದದ್ದು. ತನ್ನಂಥವರೇ ಮಾಡಿದ್ದನ್ನು ಕಣ್ಣಾರೆ ಕಾಣುವುದು ಎರಡನೆಯದು. ನಂಬುವವರ ಪ್ರೋತ್ಸಾಹ ಮೂರನೆಯದು. ದೇಹ ಮತ್ತು ಮನಸ್ಸಿನ ಸ್ಥಿತಿ ನಾಲ್ಕನೆಯದು.

ಈ ನಾಲ್ಕನ್ನೂ ಕನ್ನಂಬಾಡಿಗೆ ಹೊಂದಿಸಿ ನೋಡಿ. ವಿಶ್ವೇಶ್ವರಯ್ಯನವರಿಗೆ ಖಡಕ್‌ವಾಸ್ಲಾದ ಅನುಭವವಿತ್ತು, ಮಹಾರಾಜರ ಬೆಂಬಲವಿತ್ತು. ಅನುಭವಿ ಗಾರೆಯವನ ಪಕ್ಕದಲ್ಲಿ ನಿಂತ ಹುಡುಗನಿಗೆ ಕಣ್ಣೆದುರಿನ ಮಾದರಿಯಿತ್ತು. ಚಳಿಜ್ವರದಲ್ಲಿ ನಡುಗುತ್ತಿದ್ದ ಕೂಲಿಯವನಿಗೆ ನಾಲ್ಕನೆಯ ಮೂಲವೇ ಬತ್ತಿತ್ತು. ಅವನಿಗೆ ‘ಧೈರ್ಯ ತಂದುಕೋ’ ಎಂದು ಎಷ್ಟು ಹೇಳಿದರೂ ಪ್ರಯೋಜನವಿರಲಿಲ್ಲ. ಅವನಿಗೆ ಬೇಕಾಗಿದ್ದುದು ಕ್ವಿನೈನ್ ಮತ್ತು ವಿಶ್ರಾಂತಿ.

ಆತ್ಮವಿಶ್ವಾಸಕ್ಕೂ ದಕ್ಷತೆಗೂ ಸಂಬಂಧವಿದೆ ಎಂಬುದು ಬರಿಯ ಊಹೆಯಲ್ಲ. 114 ಅಧ್ಯಯನಗಳನ್ನು ಒಟ್ಟುಗೂಡಿಸಿ 1998ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಈ ಸಂಬಂಧ ಗಣನೀಯವಾದದ್ದೆಂದು ತೋರಿಸಿತು. ಕೆಲಸ ಜಟಿಲವಾದಂತೆ ಸಂಬಂಧ ಸಡಿಲವಾಗುತ್ತದೆ ಎಂದೂ ಅದು ಹೇಳಿತು. ಜಟಿಲ ಕೆಲಸಕ್ಕೆ ನಂಬಿಕೆಯೊಂದೇ ಸಾಲದು. ಜ್ಞಾನ, ಉಪಕರಣ, ಸಮಯ ಮೂರೂ ಬೇಕು. ಲೆಕ್ಕವಿಲ್ಲದ ಅತಿವಿಶ್ವಾಸ ತಯಾರಿಯನ್ನೇ ಕಡಿಮೆ ಮಾಡಿಸುವುದೂ ಉಂಟು.

ಇಲ್ಲಿ ಮೈಸೂರಿನ ಇತಿಹಾಸದ ಇನ್ನೊಂದು ಪ್ರಸಂಗವನ್ನು ನೆನೆಯಬೇಕು. 1918ರಲ್ಲಿ ಮಹಾರಾಜರು ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವ ಬಗೆಗೆ ಸರ್ ಲೆಸ್ಲಿ ಮಿಲ್ಲರ್ ಅವರ ಸಮಿತಿಯನ್ನು ನೇಮಿಸಿದರು. ಆಗ ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಇದರಿಂದ ದಕ್ಷತೆ ಕುಗ್ಗೀತೆಂಬ ಅಳುಕಿತ್ತು. ಭಿನ್ನಾಭಿಪ್ರಾಯ ಬೆಳೆದು ಆ ವರ್ಷವೇ ಅವರು ಪದವಿಯನ್ನು ಬಿಟ್ಟರು. ಮಾಡಿ ಗೆದ್ದ ಅನುಭವವೇ ಆತ್ಮವಿಶ್ವಾಸದ ಮೊದಲ ಮೂಲವಾದರೆ, ಮಾಡುವ ಅವಕಾಶವೇ ಸಿಗದವನಿಗೆ ಅದು ಬರುವುದು ಹೇಗೆ? ತನ್ನ ಜನರಲ್ಲಿ ಒಬ್ಬನಾದರೂ ಆ ಕುರ್ಚಿಯಲ್ಲಿ ಕೂತದ್ದನ್ನು ಕಾಣದ ಹುಡುಗನಿಗೆ ಎರಡನೆಯ ಮೂಲ ಎಲ್ಲಿಂದ ಸಿಗಬೇಕು? ಮಿಲ್ಲರ್ ಸಮಿತಿಯ ಮುಂದಿದ್ದ ಪ್ರಶ್ನೆಯನ್ನು ಇಂದಿನ ಮನಃಶಾಸ್ತ್ರದ ಬೆಳಕಿನಲ್ಲಿ ನೋಡಿದರೆ, ಅವಕಾಶ ಮತ್ತು ದಕ್ಷತೆ ಒಂದಕ್ಕೊಂದು ಶತ್ರುಗಳಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಒತ್ತಡದಲ್ಲಿ ಎರಡು ಬಗೆ

ಎಲ್ಲ ಒತ್ತಡವೂ ಒಂದೇ ಅಲ್ಲ. ಹೊಸ ಹೊಣೆ, ಕಷ್ಟದ ಗುರಿ, ಗೊತ್ತಾದ ಅವಧಿ ಇವು ಮನುಷ್ಯನನ್ನು ಬೆಳೆಸುವ ಸವಾಲುಗಳು. ಗೊಂದಲದ ಆಜ್ಞೆ, ಅವಮಾನ, ನಾಳೆ ಕೆಲಸ ಇರುತ್ತದೋ ಇಲ್ಲವೋ ಎಂಬ ಭಯ ಇವು ಅಡ್ಡಿಗಳು. ಮೊದಲನೆಯವು ದಣಿಸಿದರೂ ಕೆಲಸವನ್ನು ಉತ್ತಮಗೊಳಿಸುತ್ತವೆ. ಎರಡನೆಯವು ದಣಿಸಿ ಕೆಲಸವನ್ನೂ ಕೆಡಿಸುತ್ತವೆ ಎಂದು 2005ರಲ್ಲಿ ಪ್ರಕಟವಾದ ಸಂಶೋಧನೆ ಹೇಳುತ್ತದೆ. ಇದಕ್ಕೂ ಮೊದಲು, 1979ರಲ್ಲಿ ರಾಬರ್ಟ್ ಕರಾಸೆಕ್ ಎಂಬ ವಿದ್ವಾಂಸ, ಕೆಲಸದ ಬೇಡಿಕೆ ಹೆಚ್ಚಾಗಿದ್ದು ಕೆಲಸದ ಮೇಲಿನ ಹಿಡಿತ ಕಡಿಮೆಯಾಗಿದ್ದರೆ ಮಾನಸಿಕ ಬಳಲಿಕೆ ಅತ್ಯಂತ ಹೆಚ್ಚು ಎಂದು ತೋರಿಸಿದ್ದ. ಮುಖ್ಯ ಎಂಜಿನಿಯರಿನ ಮೇಲೂ ಬೇಡಿಕೆ ಇತ್ತು, ಮಂಕರಿ ಹೊತ್ತವಳ ಮೇಲೂ ಇತ್ತು. ಹಿಡಿತ ಮಾತ್ರ ಅವರ ಬಳಿ ಇತ್ತು, ಇವಳ ಬಳಿ ಇರಲಿಲ್ಲ.

ಇಂದು ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಗಂಟೆಗಿಷ್ಟು ಎಂಬ ಟಾರ್ಗೆಟ್ ಇರುತ್ತದೆ. ಟಾರ್ಗೆಟ್ ಎಂಬುದೇ ತಪ್ಪಲ್ಲ. ಅದನ್ನು ಗೊತ್ತುಮಾಡುವಾಗ ಹೊಲಿಯುವವಳನ್ನು ಒಂದು ಮಾತು ಕೇಳುತ್ತಾರೆಯೇ, ತಪ್ಪಿದಾಗ ಕಲಿಸುತ್ತಾರೆಯೇ ಅಥವಾ ಬೈಯುತ್ತಾರೆಯೇ ಎಂಬುದರ ಮೇಲೆ ಅದು ಸವಾಲೋ ಅಡ್ಡಿಯೋ ಎಂಬುದು ನಿಂತಿದೆ.

ದುಡಿಮೆಯ ಅವಧಿಯೂ ಮುಖ್ಯ. 1911ರ ಫ್ಯಾಕ್ಟರಿ ಕಾಯಿದೆ ಬಟ್ಟೆ ಗಿರಣಿಯ ಗಂಡಾಳುಗಳ ದುಡಿಮೆಯನ್ನು ದಿನಕ್ಕೆ 12 ಗಂಟೆಗೆ ಮಿತಿಗೊಳಿಸಿತು. 1922ರಲ್ಲಿ ವಾರಕ್ಕೆ 60 ಗಂಟೆ, 1948ರಲ್ಲಿ 48 ಗಂಟೆ ಎಂದಾಯಿತು. ಈ ಇಳಿಕೆಯ ಹಿಂದೆ ಕಾರ್ಮಿಕರ ದೀರ್ಘ ಹೋರಾಟವಿದೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ, 35–40 ಗಂಟೆ ದುಡಿಯುವವರಿಗಿಂತ ಸುಮಾರು ಶೇಕಡ 35ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ತಿಳಿಸಿವೆ. ಹಗಲಿರುಳು ದುಡಿಯುವುದನ್ನೇ ದೊಡ್ಡ ಗುಣವೆಂದು ಹೊಗಳುವವರು ಈ ಅಂಕಿಯನ್ನು ಗಮನಿಸಬೇಕು.

ನಮಗೆ ಉಳಿಯುವ ಮಾತು

ಕನ್ನಂಬಾಡಿ ಕಟ್ಟೆಯ ಇತಿಹಾಸವನ್ನು ಒಬ್ಬ ಮಹಾಪುರುಷನ ಛಲದ ಕಥೆಯಾಗಿ ಹೇಳುವ ವಾಡಿಕೆಯಿದೆ. ಆ ಛಲ ನಿಜವೇ. ಆದರೆ ಆ ಛಲದ ಹಿಂದೆ ಹಿಂದಿನ ಕೆಲಸಗಳ ಅನುಭವ, ಲೆಕ್ಕ, ಮೇಲಿನವರ ವಿಶ್ವಾಸ, ತೀರ್ಮಾನ ಕೈಗೊಳ್ಳುವ ಸ್ವಾತಂತ್ರ್ಯ ಇವೆಲ್ಲ ಇದ್ದವು. ಇವು ಇದ್ದವನಿಗೆ ಒತ್ತಡ ಏಣಿಯಾಯಿತು. ಇವು ಇಲ್ಲದವರಿಗೆ ಅದು ಹೊರೆಯಾಯಿತು. ಆದ್ದರಿಂದ ಆತ್ಮವಿಶ್ವಾಸವನ್ನು ಒಬ್ಬೊಬ್ಬನ ಎದೆಯೊಳಗಿನ ಗುಣವೆಂದು ಮಾತ್ರ ತಿಳಿಯಬಾರದು. ಕೆಲಸ ಕೊಡುವವರು, ಕಲಿಸುವವರು, ಕಾನೂನು ಮಾಡುವವರು ಎಲ್ಲರೂ ಸೇರಿ ಅದನ್ನು ಕಟ್ಟುತ್ತಾರೆ ಅಥವಾ ಕೆಡವುತ್ತಾರೆ.

ನೀವು ಕೆಲಸಕ್ಕೆ ಸೇರಿದ ಮೊದಲ ದಿನಗಳಲ್ಲಿ ಕೈ ನಡುಗಿದರೆ ನಾಚಿಕೆಪಡಬೇಡಿ. ಚಿಕ್ಕ ಕೆಲಸವೊಂದನ್ನು ಪೂರ್ತಿ ಮಾಡಿ ಮುಗಿಸಿ, ಬಲ್ಲವರ ಪಕ್ಕದಲ್ಲಿ ನಿಂತು ನೋಡಿ, ತಿಳಿಯದಿದ್ದರೆ ಕೇಳಿ, ಮೈ ಸೋತರೆ ವಿಶ್ರಮಿಸಿ. ಮುಂದೊಂದು ದಿನ ನಿಮ್ಮ ಕೈಕೆಳಗೆ ನಾಲ್ಕು ಜನ ದುಡಿಯುವಂತಾದಾಗ, ಅವರಿಗೂ ಈ ನಾಲ್ಕು ಅವಕಾಶಗಳನ್ನು ಕೊಡಿ. ಬಾಬುರಾಯನಕೊಪ್ಪಲಿನ ಹಾದಿಯಲ್ಲಿ ಗದ್ದೆಯ ಹಸಿರನ್ನು ಕಂಡಾಗ ಕಟ್ಟೆಯ ಎಂಜಿನಿಯರನ್ನು ನೆನೆಯುವಂತೆಯೇ, ಪುಸ್ತಕದಲ್ಲಿ ಹೆಸರು ದಾಖಲಾಗದ ಆ ಹತ್ತು ಸಾವಿರ ಜನರನ್ನೂ ನೆನೆಯೋಣ.

ಚರ್ಚೆಗೆ

1. ನಿಮ್ಮ ಮನೆಯ ಹಿರಿಯರೊಬ್ಬರ ದುಡಿಮೆಯ ಮೊದಲ ದಿನಗಳ ಅನುಭವವನ್ನು ಕೇಳಿ ಬರೆಯಿರಿ. ಅವರಿಗೆ ಧೈರ್ಯ ಬಂದದ್ದು ಯಾವುದರಿಂದ?

2. ನಿಮ್ಮ ಓದಿನಲ್ಲಿ ಯಾವ ಒತ್ತಡ ಸವಾಲು, ಯಾವುದು ಅಡ್ಡಿ? ಪಟ್ಟಿ ಮಾಡಿ.

3. ಕೃಷ್ಣರಾಜಸಾಗರದ ಕೆಲಸ ಇಂದು ಆರಂಭವಾಗಿದ್ದರೆ, ಅಲ್ಲಿನ ಕಾರ್ಮಿಕರಿಗೆ ಯಾವ ಯಾವ ಕಾಯಿದೆಗಳ ರಕ್ಷಣೆ ದೊರೆಯುತ್ತಿತ್ತು?